ಒಂದೂವರೆ ಸುತ್ತು

ಬೆಳಗ್ಗೆಯಿಂದ ಇದೇ ಕತೆ.
ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ,
ಕೂತಲ್ಲೇ ಉಬ್ಬಸ ಬಂದವರ ಹಾಗೆ.
ಕಬ್ಬು ಬಾಯಿಗಿಟ್ಟದ್ದೇ ತಡ
ಗಾಣ ಹಲ್ಲು ಕಚ್ಚಿತು, ಎಂಜಿನ್ ಉಸಿರು ಬಿಟ್ಟಿತು.
ಸಾಗರದ ಬಸ್ಸಿನ ಕಂಡಕ್ಟರು
ಅರ್ಧ ಲೋಟ ಹಿಡಿದು ನಿಂತ.
ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

ರಿಪ್ಪನ್‌ಪೇಟೆ ಸರ್ಕಲ್ಲಿನಾಚೆ ಬಸ್ತ್ಯಾಂವನ ಶೆಡ್ಡು.
ಬಂದ. ಕೈಯನ್ನು ಪ್ಯಾಂಟಿಗೆ ಒರೆಸಿದನೋ
ಪ್ಯಾಂಟನ್ನು ಕೈಗೆ ಒರೆಸಿದನೋ.
ಕಾರ್ಬೊರೇಟರ್ ಬಿಚ್ಚಿ
ನನ್ನ ನಿಂಬೆಹಣ್ಣಿನ ತಟ್ಟೆಯಲ್ಲೇ ಹರವಿದ:
ಬಟ್ಟಲು, ಫ್ಲೋಟು, ಮೂಗುಬೊಟ್ಟಿನಷ್ಟು ಹಿತ್ತಾಳೆಯ ಜೆಟ್ಟು.
ಅದರ ತೂತನ್ನು ಆಕಾಶಕ್ಕೆ ಹಿಡಿದು
"ನೋಡು, ಬೆಳಕು ಕಾಣ್ತದಾ?"
ಕಾಣಲಿಲ್ಲ.
ಹಳೇ ಕ್ಲಚ್ ಕೇಬಲ್ಲಿನ ಒಂದೇ ಎಳೆ ಕಿತ್ತು ತೂರಿಸಿದ,
ಬಾಯಿಟ್ಟು ಊದಿದ, ಉಗಿದ.
ಈಗ ಕಂಡಿತು, ಸಾಸಿವೆಯ ಕಾಲು ಪಾಲು ಬೆಳಕು.
ಇಷ್ಟರೊಳಗಿಂದಲೇ ಏನು
ನನ್ನ ದಿನದ ಎಂಟುನೂರು ಹಾದು ಬರುವುದು!

ಜೋಡಿಸಿ, ಸ್ಕ್ರೂ ಪೂರ್ತಿ ಒಳಗೆ.
"ಬಿಗಿ ಮಾಡಬಾರದು, ತಾಗಿತು ಅನ್ನುವಲ್ಲಿ ಬಿಡಬೇಕು.
ಆಮೇಲೆ ಒಂದೂವರೆ ಸುತ್ತು ವಾಪಸ್. ಕಂಪನಿ ಲೆಕ್ಕ."
ಹಗ್ಗ ಎಳೆದ. ಹೊತ್ತಿತು.
"ಸರಿಯಾಯ್ತು" ಅಂದ.

ಸರಿಯಾಗಿರಲಿಲ್ಲ.
ಆರು ವರ್ಷ ಈ ಸದ್ದಿನ ಪಕ್ಕ ಕೂತು
ಶುಂಠಿ ಜಜ್ಜಿದ್ದೇನೆ, ಚಿಲ್ಲರೆ ಎಣಿಸಿದ್ದೇನೆ,
ಮಗಳಿಗೆ ಮಗ್ಗಿ ಕಲಿಸಿದ್ದೇನೆ
(ಹದಿನೇಳರದ್ದನ್ನು ಅವಳು ಈಗಲೂ ಕಿರುಚಿಯೇ ಹೇಳುವುದು).
ಒಳಗೆಲ್ಲೋ ಒಂದು ಗಂಟಲು ಕೆರೆತ.
"ಇನ್ನೊಂಚೂರು" ಅಂದೆ.
"ಒಂದೂವರೆ ಅಂದ್ರೆ ಒಂದೂವರೆ, ಬಂಗಾರಕ್ಕ."
"ನಿನ್ನ ಕಂಪನಿಯವನು ಇಲ್ಲಿ ಬಂದು ಕಬ್ಬು ಹಿಂಡಿದ್ದಾನಾ?"

ಅವನು ಮಾತಾಡಲಿಲ್ಲ.
ಸ್ಕ್ರೂಡ್ರೈವರಿನ ಹಿಡಿ ನನ್ನ ಕಡೆ ತಿರುಗಿಸಿದ.

ಕೂದಲೆಳೆಯಷ್ಟು ಬಿಚ್ಚಿದೆ. ಹೊಗೆ ಕಪ್ಪಾಯಿತು.
ಅವನು ನಕ್ಕ.
ಅರ್ಧ ಕೂದಲು ವಾಪಸ್.
ಆಗ, ಹೇಗೆ ಹೇಳಲಿ,
ಸದ್ದು ಸಣ್ಣದಾಗಲಿಲ್ಲ, ದುಂಡಗಾಯಿತು.
ಗಾಡಿಯ ಮೇಲೆ ಬೆಳಗ್ಗೆಯಿಂದ ನಡುಗುತ್ತಿದ್ದ ಲೋಟಗಳು
ಸುಮ್ಮನಾದವು.
ಎರಡು ಕಬ್ಬು ಜೋಡಿಸಿ ಕೊಟ್ಟೆ.
ತಗ್ಗಿತು, ಏನೋ ನೆನಪಿಸಿಕೊಂಡಿತು, ಎದ್ದು ನುಂಗಿತು.

ಬಸ್ತ್ಯಾಂವ ಶುಂಠಿಯಿಲ್ಲದ ದೊಡ್ಡ ಲೋಟ ಕುಡಿದು
ನೂರೈವತ್ತು ಕೇಳಿದ.
ಲೋಟದ ಇಪ್ಪತ್ತು ಹಿಡಿದುಕೊಂಡೇ ಕೊಟ್ಟೆ.
ಸ್ಕ್ರೂಡ್ರೈವರ್ ನನ್ನ ಶುಂಠಿ ಡಬ್ಬಿಯಲ್ಲೇ ಉಳಿಯಿತು.
ಎರಡು ಸಲ ಹುಡುಗನನ್ನು ಕಳಿಸಿ ಕೇಳಿದ.
ಆಮೇಲೆ ಕೇಳಲಿಲ್ಲ.