ಒಂದಕ್ಕೆ ಎಪ್ಪತ್ತೆರಡು

ದೆಂಬ್ಲಿನ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ
ಬೊಗುಮಿಲ್ ಹೇಳಿಕೊಟ್ಟಿದ್ದು ಇಷ್ಟೇ:
ಬಿಡಿಭಾಗಗಳನ್ನು ಮುರಿಯಬೇಡ, ಕತ್ತರಿಸು.
ಅಂಟು ಹನಿಯಷ್ಟಲ್ಲ, ಹನಿಯ ನೆನಪಿನಷ್ಟು.
ಮೊದಲನೆಯದು ಕೆಟ್ಟೇ ಕೆಡುತ್ತದೆ, ಕೆಡಲಿ.

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ
ಹೊಲಿಗೆ ಬಿಚ್ಚಿದ ಕೈ ನನ್ನದು,
ಚಿಮಟ ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ.
ಆದರೂ ಎಡರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟು
ಒತ್ತಿಬಿಟ್ಟಿದೆ, ಸಾಲಪತ್ರಕ್ಕೆ ಒತ್ತಿದ ಹಾಗೆ.
ತಟ್ಟೆಯ ನೀರಲ್ಲಿ ಕಾಗದ ಬಿಟ್ಟು ತೇಲಿದ
ಕೆಂಪು-ಬಿಳಿ ಚೌಕಗಳಲ್ಲಿ
ಒಂದು ಅಡ್ಡಾದಿಡ್ಡಿ ಕೂತಿತು.

ಹಸಿರು ಬಳಿದು, ಒಣಗಲಿಟ್ಟು, ಚಹಾ ಕುಡಿದು ಬಂದರೆ
ಪೆಟ್ಟಿಗೆಯ ಮೂಲೆಯಲ್ಲಿ ಪೈಲಟ್!
ವಿಮಾನದ ಹೊಟ್ಟೆ ಆಗಲೇ ಮುಚ್ಚಿಯಾಗಿತ್ತು.

"ಮೊಣಕಾಲ ಕೆಳಗೆ ಕತ್ತರಿಸಿಬಿಡು,"
ಫೋನಿನಲ್ಲಿ ನಕ್ಕ ಬೊಗುಮಿಲ್,
"ಎಲ್ಲರೂ ಮಾಡುವುದೇ. ಹೊರಗೆ ಕಾಣುವುದು ತಲೆಯಷ್ಟೇ."

ಬ್ಲೇಡು ಹಿಡಿದೆ. ಇಟ್ಟೆ.
ಆರನೇ ವಾರ್ಡಿನಲ್ಲಿ ಬೆಳಗಿನ ಜಾವ
ಇಲ್ಲದ ಪಾದ ತುರಿಸುತ್ತಿದೆಯೆಂದು
ಗಂಟೆ ಒತ್ತುತ್ತಿದ್ದನಲ್ಲ, ಆ ಹುಡುಗ.

ವಿಮಾನ ಈಗ ಕಿಟಕಿಯ ದಂಡೆಯ ಮೇಲೆ, ಖಾಲಿ.
ಪಕ್ಕದಲ್ಲಿ ಅವನು, ಉಪ್ಪಿನ ಡಬ್ಬಿಗೆ ಒರಗಿ,
ಎರಡೂ ಕಾಲು ಮುಂದೆ ಮಾಡಿ ಕೂತಿದ್ದಾನೆ.
ಮುಖಕ್ಕಿನ್ನೂ ಬಣ್ಣ ಹಚ್ಚಿಲ್ಲ.