ರಸೀದಿ ನಂಬರ್ ಇನ್ನೂರಾ ಹನ್ನೆರಡು

ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು,
ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ:
ಆ ರವಿವಾರ ಬಾಗಲಕೋಟೆಯ ಹಿನ್ನೀರಿನಲ್ಲಿ ಆರು ದೋಣಿ,
ದೋಣಿಗೆ ನಾಲ್ಕು ಹುಟ್ಟು, ದಾಟಬೇಕಾದ ಬಾವುಟ ಹತ್ತು.
ಬಾವುಟಕ್ಕೆ ಇಷ್ಟು ಎಂದು ಬರೆಸಿದವರು
ಇನ್ನೂರಾ ಹನ್ನೊಂದು ಮಂದಿ.
ನಾಲ್ಕನೆಯ ಬಾವುಟ ನಮ್ಮ ಹಳೇ ಓಣಿಯ ಮೇಲೆ ಎಲ್ಲೋ ಇತ್ತು.
ನಾನು ಅತ್ತ ನೋಡಲಿಲ್ಲ. ಲೆಕ್ಕ ತಪ್ಪುತ್ತದೆ.

ಬೇಕಿದ್ದದ್ದು ಇನ್ನೆರಡು ಡಯಾಲಿಸಿಸ್ ಯಂತ್ರ.
ಇರುವ ಒಂದರ ಮುಂದೆ ನಸುಕಿನ ನಾಲ್ಕಕ್ಕೇ
ಪಾಳಿಗೆ ತಮ್ಮ ಚಪ್ಪಲಿಗಳನ್ನು ನಿಲ್ಲಿಸಿ
ಬೇವಿನ ಕಟ್ಟೆಯ ಮೇಲೆ ಒರಗುತ್ತಾರೆ,
ನೀರು ಕುಡಿಯಬಾರದವರು.
ಒಂದು ಊರನ್ನೇ ಕುಡಿದ ನೀರಿನ ಮಗ್ಗುಲಲ್ಲಿ
ದಿನಕ್ಕೆ ಅರ್ಧ ತಂಬಿಗೆ ಅಳೆದು ಕುಡಿಯುವವರು.

ಬ್ಯಾಂಕಿನವರು ನೀಲಿ ಅಂಗಿ ಹೊಲಿಸಿದ್ದರು.
ಪೊಲೀಸರ ದೋಣಿಯಲ್ಲಿ ಸೀಟಿ ಊದಲಿಕ್ಕೇ ಒಬ್ಬ.
ಸಿಮೆಂಟ್ ಫ್ಯಾಕ್ಟರಿ, ಕಾಲೇಜು, ಅಡತ ಅಂಗಡಿಯ ಹುಡುಗರು.
ಆರನೆಯದು ನಮ್ಮ ದವಾಖಾನೆಯದು: ಕಸ್ತೂರಿ ಸಿಸ್ಟರ್,
ಮೆಹರುನ್ನೀಸಾ, ಲ್ಯಾಬಿನ ಶಶಿಕಲಾ.
ನಾಲ್ಕನೆಯವಳಿಗೆ ಹಿಂದಿನ ರಾತ್ರಿ ಜ್ವರ,
ಹಾಗಾಗಿ ಯಮನವ್ವ ಅಂಬಿಗೇರ.

ಸೇತುವೆ ಆಗುವ ತನಕ ಅವಳೇ ಸೇತುವೆ.
ವಯಸ್ಸು ಅರವತ್ತು ಅನ್ನುತ್ತಾಳೆ,
ಹಾಗನ್ನಲು ಶುರುಮಾಡಿ ಆರು ವರ್ಷ.
"ಎಲ್ಲಿಗೆ ಮುಟ್ಟಸೂದ್ರಿ?"
ಎಲ್ಲಿಗೂ ಇಲ್ಲ, ಬಾವುಟ ಸುತ್ತಿ ತಿರುಗಿ ಇಲ್ಲಿಗೇ.
"ಮಂದಿ?"
ಮಂದಿ ಇಲ್ಲ.
"ಖಾಲಿ ದೋಣಿಗೆ ರೊಕ್ಕಾ ಕೊಡ್ತಾರ!"
ನಕ್ಕು, ಎಲೆಯಡಿಕೆ ಉಗುಳಿ, ಸೆರಗು ಸಿಗಿಸಿ
ಕೊಟ್ಟ ಫೈಬರ್ ಹುಟ್ಟನ್ನು ತೂಗಿ ನೋಡಿದಳು.
"ಇದು ಚಮಚೆ ಐತಿ."
ತನ್ನದನ್ನೇ ತಂದಳು.

ಏಳನೆಯ ಬಾವುಟದ ತನಕ ಅವರೇ ಮುಂದೆ.
ರೊಟ್ಟಿ ಬಡಿಯುವ ಲಯ ಅದು,
ಯಾರೂ ಎಣಿಸಬೇಕಿಲ್ಲ, ಸೀಟಿ ಬೇಕಿಲ್ಲ.
ಸೀರೆ ಅಂಗಡಿಯ ಕಾಂತಿಲಾಲ ಶೇಠರು ಕುರ್ಚಿ ಹತ್ತಿ ನಿಂತಿದ್ದರು.
ಅವರ ಐದು ಸಾವಿರದ ಮುಂದೆ
'ಗೆದ್ದರೆ ಮಾತ್ರ' ಎಂದು ಕೆಂಪು ಮಸಿಯಲ್ಲಿ ಬರೆಸಿದ್ದರು.

ಆಗ ಆಚೆ ದಂಡೆಯಲ್ಲಿ ಯಾರೋ ಟವೆಲ್ ಬೀಸಿದ.
ಬರೀ ಟವೆಲ್. ಕೂಗು ನಮಗೆ ಕೇಳಲಿಲ್ಲ.
ದೋಣಿಯ ಮೂತಿ ತಿರುಗಿತು.

ಅವಳು ಯೋಚಿಸಿ ಮಾಡಿದ್ದಲ್ಲವೆಂದು
ಕಸ್ತೂರಿ ಸಿಸ್ಟರ್ ಆಮೇಲೆ ಆಣೆ ಇಟ್ಟರು.
ಕೆಮ್ಮು ಬಂದರೆ ಕೈ ಬಾಯಿಗೆ ಹೋಗುವುದಿಲ್ಲವೇ, ಹಾಗೆ.
ಮೂವರೂ ಮೊದಲು ಬೈದರಂತೆ, ಆಮೇಲೆ ಹುಟ್ಟು ಹಾಕಿದರಂತೆ.
ಮೈಕಿನವನು ಏನು ಹೇಳಲೂ ತೋಚದೆ
ಬ್ಯಾಟರಿ ಅಂಗಡಿಯ ಜಾಹೀರಾತನ್ನು ಎರಡು ಸಲ ಓದಿದ.

ಗೆದ್ದದ್ದು ಬ್ಯಾಂಕಿನವರು. ಹಾರ, ಫೋಟೋ, ಅವಲಕ್ಕಿ ಚಹಾ.
ಚಹಾ ಮುಗಿಯುವ ಹೊತ್ತಿಗೆ ನಮ್ಮ ದೋಣಿ ಬಂತು.
ಒಳಗೆ ಐದನೆಯ ಆಸಾಮಿ,
ತೊಡೆಯ ಮೇಲೊಂದು ಆಡು, ಕಾಲ ಬುಡದಲ್ಲಿ ಸೌತೆಕಾಯಿ ಚೀಲ.
"ರವಿವಾರ ಬಸ್ ಇಲ್ರಿ," ಎಂದ ಗದಿಗೆಪ್ಪ,
ಇಷ್ಟು ಜನ ತನ್ನನ್ನೇ ನೋಡುವುದಕ್ಕೆ ಗಾಬರಿಯಾಗಿ.

ಶೇಠರು ಕುರ್ಚಿಯಿಂದ ಇಳಿದರು.
ಕೆಂಪು ಮಸಿಯ ಸಾಲಿನ ಮೇಲೆ ನಾನು ಗೆರೆ ಎಳೆದೆ.
ಒಟ್ಟು ಮೊತ್ತ: ಒಂದು ಯಂತ್ರಕ್ಕೆ ಪೂರ್ತಿ,
ಇನ್ನೊಂದಕ್ಕೆ ಕಾಲು ಭಾಗ.

ಗದಿಗೆಪ್ಪ ಒಳಗಿಸೆಯಿಂದ ಇಪ್ಪತ್ತರ ನೋಟು ತೆಗೆದ.
ಯಮನವ್ವ ಎಂದಿನಂತೆ ಇಸಿದುಕೊಂಡು ಹಣೆಗೆ ಒತ್ತಿದಳು,
ಒಂದು ಗಳಿಗೆ ನಿಂತಳು,
ನಡೆದು ಬಂದು ನನ್ನ ಮೇಜಿನ ಮೇಲಿಟ್ಟಳು.
ನೋಟು ತೊಯ್ದಿತ್ತು.
"ಬರ್ಕೋರಿ."
ಯಾರ ಹೆಸರಿಗೆ?
"ಅಂವನ ರೊಕ್ಕ, ನನ್ನ ರಟ್ಟಿ, ನಿಮ್ಮ ದೋಣಿ.
ಯಾರದರ ಬರೀರಿ."

ಹೆಸರಿನ ಜಾಗ ಇನ್ನೂ ಖಾಲಿ ಇದೆ.
ಲೆಕ್ಕ ತಪಾಸಣೆಯವರು ವರ್ಷಾ ವರ್ಷಾ ಬೆರಳಿಟ್ಟು ಕೇಳುತ್ತಾರೆ.
'ಯಾವ ಬಾಬ್ತು' ಎಂಬಲ್ಲಿ ಬರೆದಿದ್ದೇನೆ, ನೋಡಿ: ದಾಟಿಸಿದ್ದಕ್ಕೆ.
ಇನ್ನೂರಾ ಹದಿಮೂರು ಎಲ್ಲಿ ಎಂದೂ ಕೇಳುತ್ತಾರೆ.
ಅದನ್ನು ಆಡು ತಿಂದಿತು.