ಜೋಡು

ಈ ಭಾನುವಾರದ ಓದು ನನ್ನ ಪಾಲಿಗೆ ಬಂತು.
ಆಲ್ದೂರಿನ ಇಗರ್ಜಿ ಚಿಕ್ಕದು, ಮೈಕು ಕೆಟ್ಟಿತ್ತು,
ಗಂಟಲೇ ಸಾಕು.

ಪ್ರವಾದಿಗಳ ಮನೆತನದವನಲ್ಲ ಆತ.
ಕುರಿ ಕಾಯುತ್ತಿದ್ದವ, ಹೊತ್ತಿಗೆ ಅತ್ತಿಕಾಯಿ ಗೀರಿ
ಹಣ್ಣಾಗಿಸುತ್ತಿದ್ದವ. ನಮ್ಮ ಕಡೂರು ಕಡೆಯ
ಕಂಬಳಿಯವನೊಬ್ಬ ಸಂತೆಗೆ ಬಂದು
ತಕ್ಕಡಿ ಹಿಡಿದವರ ಎದುರು ನಿಂತ ಹಾಗೆ.

ಮೊದಲು ನೆರೆಯವರ ಪಾಪ ಎಣಿಸಿದ:
ಊರಿಗೆ ಊರನ್ನೇ ಸೆರೆಹಿಡಿದು ಗಡಿಯಾಚೆ ಮಾರಿದವರು,
ಅಣ್ಣತಮ್ಮನೆಂದು ಕೈಹಿಡಿದು ಕೈಬಿಟ್ಟವರು.
ಕೇಳುವವರಿಗೆ ಹಿತ. ನನಗೂ ಹಿತ.
ಓದುತ್ತಲೇ ಅಂದುಕೊಂಡೆ: ಹಾಕು, ಇನ್ನೂ ಒಂದು ಹಾಕು,
ಬೆಟ್ಟ ಬೋಳಿಸಿ ಬಂಗಲೆ ಕಟ್ಟಿಸಿದ ದೊರೆಗೆ,
ಹಡಗಿನ ಹೊಟ್ಟೆಯಲ್ಲಿ ಮನುಷ್ಯರನ್ನು ಪೇರಿಸಿದವರಿಗೆ.

ಬೆರಳು ಸುತ್ತಿಕೊಂಡು ಬಂತು, ಗಾಣದ ಎತ್ತಿನಂತೆ,
ಕೊನೆಗೆ ನಿಂತದ್ದು
ಕೇಳುವವರ ಬಾಗಿಲಲ್ಲೇ.
ಬಡವನಿಗೆ ಅವರು ಕಟ್ಟಿದ ಬೆಲೆ: ಕಾಲಿನ ಜೋಡು.
ಅಲ್ಲಿ ನನ್ನ ನಾಲಿಗೆ ತಡೆಯಿತು.

ಅಪ್ಪ, ಬೋನಿಫಾಸ್ ರೈಟರು, ಮೂವತ್ತೊಂದು ವರ್ಷ
ತೋಟದ ಚೆಕ್‌ರೋಲ್ ಬರೆದವರು. ಮುತ್ತಿನಂಥ ಅಕ್ಷರ.
ಅವರು ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕ ಪುಸ್ತಕ:
ಗೆದ್ದಲು ಅಂಚು ತಿಂದಿದೆ, ಲೆಕ್ಕ ತಿಂದಿಲ್ಲ.

ಚನಿಯ. ಘಟ್ಟದ ಕೆಳಗಿನವ. ಮುಂಗಡ ನಲವತ್ತು.
ಕಂಬಳಿ ಒಂದು, ಸಂಬಳದಲ್ಲಿ ಹಿಡಿದದ್ದು.
ಜೋಡು ಒಂದು, ಹಿಡಿದದ್ದು.
ಜ್ವರ ಆರು ದಿನ, ಹಿಡಿದದ್ದು.
ಚನಿಯ ತೀರಿಕೊಂಡ. ಬಾಕಿ, ಮಗ ಐತನ ಹೆಸರಿಗೆ.
ಐತ, ವಯಸ್ಸು ಒಂಬತ್ತು.

ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

ಅಪ್ಪ ಯಾರ ಮೇಲೂ ಕೈಯೆತ್ತಿದವರಲ್ಲ,
ಊಟಕ್ಕೆ ಮುಂಚೆ ಶಿಲುಬೆ ಗುರುತು ತಪ್ಪಿಸಿದವರಲ್ಲ.
ಸೂರೆಯೆಂದರೆ ಕುದುರೆ, ಕತ್ತಿ, ಬೆಂಕಿ ಅಂದುಕೊಂಡಿದ್ದೆ.
ಬ್ಲಾಟಿಂಗ್ ಕಾಗದ ಒತ್ತಿ
ಮೆಲ್ಲಗೆ ಆರಿಸಿದ ಶಾಯಿ ಎಂದು
ಯಾರು ಹೇಳಿದ್ದರು?

ಅದೇ ಪುಟದ ತುದಿಗೆ, ಪೆನ್ಸಿಲಿನಲ್ಲಿ, ಬೇರೆಯೇ ಲೆಕ್ಕ:
ಮೇಸ್ತ್ರಿ ಕೊಟ್ಟದ್ದು ಇಷ್ಟು.
ಸಿಸಿಲಿಗೆ ಕಾನ್ವೆಂಟ್ ಬೂಟು.

ಕಪ್ಪು ಬೂಟು. ಬಕಲ್ ಇತ್ತು. ನೆನಪಿದೆ,
ಕಚ್ಚುತ್ತಿತ್ತು, ಹಿಮ್ಮಡಿಗೆ ಬೊಬ್ಬೆ ಎದ್ದು
ನಾನು ರಚ್ಚೆ ಹಿಡಿದರೆ
ಹಳ್ಳ ದಾಟುವ ತನಕ ಬೆನ್ನ ಮೇಲೆ ಹೊತ್ತವನು ಒಬ್ಬ ಹುಡುಗ.
ಐತನೇ ಇರಬೇಕು.
ಮುಖ ನೆನಪಿಲ್ಲ. ಕೆಳಗೆ ನೀರಿನಲ್ಲಿ
ಅವನ ಬರಿಗಾಲು ಕಾಣುತ್ತಿತ್ತು.

ಫಾದರ್ ಕೆಮ್ಮಿದರು.
ಮುಂದಿನ ಸಾಲು ಓದಿದೆ, ಅದರ ಮುಂದಿನದೂ.

ಪೂಜೆ ಮುಗಿದು ಹೊರಗೆ ಬಂದರೆ
ಮೆಟ್ಟಿಲ ಬುಡದಲ್ಲಿ ಸಾಲು ಸಾಲು ಚಪ್ಪಲಿ.
ನನ್ನವು ಎದುರಿಗೇ ಇದ್ದವು.
ಗುರುತು ಸಿಗಲು ಹೊತ್ತು ಹಿಡಿಯಿತು.